ಬೇಲಿಗೆ ಯಾಕ್ರಿ ಹೆಸರು

ರಾತ್ರಿ ಪಾಳಿ ಮುಗಿಸಿ ಬರುವ ದಾರಿಯಲ್ಲಿ
ಬರೀದಶಾಹಿ ಉದ್ಯಾನದ ಗೇಟು ತೆರೆದಿತ್ತು.
ಶೀಗಿ ಹುಣ್ಣಿಮೆ ಕಳೆದು ನಾಲ್ಕು ದಿನ,
ಬೀದರಿನ ಗಾಳಿಗೆ ಆಗಲೇ ಸ್ವೆಟರಿನ ನೆನಪು.
ಕೆಂಪು ಮಣ್ಣು ಒದ್ದೆಯಲ್ಲ, ಒಣಗಿಯೂ ಇಲ್ಲ,
ಚಪ್ಪಲಿಗೆ ಅಂಟದೆ
ಗುರುತು ಮಾತ್ರ ಇಟ್ಟುಕೊಳ್ಳುವಷ್ಟು.

ಹನ್ನೊಂದು ವರ್ಷ ಈ ಬೇಲಿಯ ಪಕ್ಕ ನಡೆದಿದ್ದೇನೆ.
ಕಂಡದ್ದು ಬೇಲಿಯ ಅಳತೆ ಅಷ್ಟೇ:
ಮೊಣಕಾಲೆತ್ತರ, ನೆತ್ತಿ ಚಪ್ಪಟೆ,
ಸರಕಾರಿ ಫೈಲಿನ ಹಾಗೆ ನಾಲ್ಕೂ ಮೂಲೆ ಸಮ.

ಇವತ್ತು ಅದು ನನ್ನ ಹೆಗಲು ಮುಟ್ಟಿತು.
ಮುಟ್ಟಿತು ಅಂದರೆ, ಸೆರಗು ಹಿಡಿಯಿತು.
ಎಲೆಯ ಕಂಕುಳಲ್ಲಿ ಮುಳ್ಳಿದೆ ಎಂದು
ಆಗಲೇ ಗೊತ್ತಾದದ್ದು.
ಬಿಡಿಸಿಕೊಳ್ಳಲು ಬಗ್ಗಿದೆ.

ಹಣ್ಣು.
ಗೊಂಚಲು ಗೊಂಚಲು, ತೂಕಕ್ಕೆ ಬಾಗಿ,
ಅತ್ತೆಯ ಬೋರಮಾಳ ಸರ ಹರಿದು
ಯಾರೋ ಹಸಿರು ದಾರಕ್ಕೆ ಮತ್ತೆ ಪೋಣಿಸಿದಂತೆ.
ಒಂದೊಂದು ಗುಂಡಿನ ತುದಿಗೂ
ಓರೆಯಾದ ಸಣ್ಣ ಕೊಕ್ಕು.
ಅದೇ ಟೊಂಗೆಯ ಕೊನೆಗೆ ಇನ್ನೂ ನೀಲಿ ಹೂ,
ಮುಗಿದದ್ದೂ ಮುಗಿಯದ್ದೂ ಒಂದೇ ಕಡ್ಡಿಯ ಮೇಲೆ.

ಮೊಬೈಲಿಗೆ ಗುಮ್ಮಟ ಬೇಕು.
ಎತ್ತಿದರೆ ಸಾಕು, ಹಿಂದಿನ ಸುಲ್ತಾನನ ಗೋರಿಗೆ
ತಾನಾಗಿ ಕಣ್ಣು ಕೂಡಿಸುತ್ತದೆ,
ಹಣ್ಣು ಹಳದಿ ಮಂಜಾಗಿ ಕರಗುತ್ತದೆ.
ಬೆರಳಿಟ್ಟು ತೋರಿಸಿದೆ: ಅದಲ್ಲ, ಇದು.
ಒಪ್ಪಿತು. ಅಷ್ಟರಲ್ಲಿ ಗಾಳಿ.
ಮತ್ತೆ ಗುಮ್ಮಟ.

ಪಾಳಿಗೆ ನಲವತ್ತು ಎದೆಗಳಿಗೆ ಹೇಳುವ ಮಾತು
ಬಾಯಿಗೆ ತಾನೇ ಬಂತು:
"ಉಸಿರು ಹಿಡೀರಿ. ಅಲುಗಾಡಬ್ಯಾಡ್ರಿ."
ದವಾಖಾನೆಯಲ್ಲಿ ನಾನು
ಗೋಡೆಯ ಆಚೆ ನಿಂತು ಗುಂಡಿ ಒತ್ತುವವಳು;
ಕಪ್ಪು ಹಾಳೆಯ ಮೇಲೆ, ಬಿದ್ರಿಯ ಬೆಳ್ಳಿ ತಂತಿಯಂತೆ,
ಪಕ್ಕೆಲುಬುಗಳು ಮೂಡಿ ಬರುತ್ತವೆ.
ಒಳಗಿದ್ದದ್ದು ಕಂಡು ಕಂಡು
ಹೊರಗಿನ ಬಣ್ಣಕ್ಕೆ ಕಣ್ಣು ಕೊಡುವುದು
ಯಾವಾಗ ಬಿಟ್ಟೆನೋ.

ಇಲ್ಲಿ ಗೋಡೆಯಿಲ್ಲ.
ಉಸಿರು ಹಿಡಿಯಬೇಕಾದವಳು ನಾನೇ.
ಹಿಡಿದೆ.

"ಏನ್ ಹೊಡಿಲತ್ತೀರಿ ಎಕ್ಸರೇ ಬಾಯಿ?"
ಘಾಳೆಪ್ಪ. ಕೈಯಲ್ಲಿ ಪೈಪು, ಪೈಪಿನಲ್ಲಿ ನೀರಿಲ್ಲ.
ಹೋದ ವರ್ಷ ಅವನ ಮಣಿಕಟ್ಟಿನ ಬಿರುಕನ್ನು
ಫಿಲ್ಮಿನ ಮೇಲೆ ಹಿಡಿದವಳು ನಾನು.
"ಗುಮ್ಮಟ ಪೂರಾ ಬರ್ಲತ್ತಿಲ್ಲೇನ್ರಿ? ಕೊಡ್ರಿ ಇಲ್ಲಿ,
ನಾ ಹೊಡಿತೀನಿ, ನೀವೂ ಬರ್ತೀರಿ."
ಗುಮ್ಮಟಲ್ಲ ಘಾಳೆಪ್ಪ, ಈ ಗಿಡ. ಹೆಸರೇನದರದು?
ಅವನು ಗಿಡ ನೋಡಿದ, ನನ್ನನ್ನು ನೋಡಿದ.
"ಬೇಲಿ ರೀ ಅದು. ಬೇಲಿಗೆ ಯಾಕ್ರಿ ಹೆಸರು."

ಆಮೇಲೆ ತಾನೇ ಹೇಳಿದ,
ಕತ್ತರಿ ಬಿದ್ದರೆ ಇದು ಹೂ ಬಿಡುವುದಿಲ್ಲ,
ಹೂವೇ ಇಲ್ಲ ಅಂದಮೇಲೆ ಹಣ್ಣೆಲ್ಲಿಯದು,
ಇಪ್ಪತ್ತು ವರ್ಷಕ್ಕೆ ತಾನೂ ನೋಡುತ್ತಿರುವುದು ಇದೇ ಮೊದಲು.
ಟೆಂಡರು ಬದಲಾಗಿ ಮೂರು ತಿಂಗಳು ಪಗಾರಿಲ್ಲ;
ಪಗಾರಿಲ್ಲದ ಕತ್ತರಿ
ಶೆಡ್ಡಿನ ಮೊಳೆಗೆ ನೇತುಬಿದ್ದು ತುಕ್ಕು ತಿನ್ನುತ್ತಿದೆ.
"ಬಾಯಾಗ ಹಾಕೊಬ್ಯಾಡ್ರಿ ಮತ್ತ, ವಿಷ ಅಂತಾರ.
ಬುಲ್‌ಬುಲ್‌ಗೇನೂ ಆಗಲ್ಲ, ಅದ್ಹ್ಯಾಂಗೋ."

ಸೋಮವಾರ ಪಗಾರ ಆಗುತ್ತದಂತೆ.
ಹೊಸ ಸಾಹೇಬರು ಮಾತು ಕೊಟ್ಟಿದ್ದಾರಂತೆ.
ಇವತ್ತು ಶುಕ್ರವಾರ.

ಆಗಲಿ ಘಾಳೆಪ್ಪ, ಅಂದೆ.
ಮನಸ್ಸಿನಿಂದಲೇ ಅಂದೆ,
ಅವನ ಮಗಳ ಕಾಲೇಜಿನ ಫೀಸು ಬಾಕಿ ಇರುವುದು ನನಗೆ ಗೊತ್ತು.
ಅಂದು, ಬೇಲಿಯ ಆಚೆ ಬದಿಗೆ ಹೋಗಿ
ಗುಮ್ಮಟಕ್ಕೆ ಬೆನ್ನು ಮಾಡಿ ಮೊಣಕಾಲೂರಿದೆ.
ಈಗ ಮೊಬೈಲಿಗೆ ನೋಡಲು ಬೇರೇನೂ ಇರಲಿಲ್ಲ.
ಗಾಳಿ ಮಾತ್ರ ಇತ್ತು.

ಘಾಳೆಪ್ಪ ಪೈಪು ಕೆಳಗಿಟ್ಟು
ಟೊಂಗೆ ಹಿಡಿದು ನಿಂತ,
ಬಿರುಕು ಕೂಡಿದ ಅದೇ ಕೈ.
ಫೋಟೊದ ಎಡ ಮೂಲೆಯಲ್ಲಿ ಅವನ ಹೆಬ್ಬೆರಳಿದೆ,
ಉಗುರಿನ ಕೆಳಗೆ ಕೆಂಪು ಮಣ್ಣು.