ಉಸಿರು ತೆಗೆಯಬೇಡ

ಲ್ಯಾಮಿಂಗ್ಟನ್ ರೋಡಿನ ಎರಡನೇ ಮಹಡಿ,
ಫ್ಯಾನಿಗೂ ಜಾಗವಿಲ್ಲದ ಅಂಗಡಿ.
ಹಳೇ ಸ್ಪೂಲು, ಕ್ಯಾಸೆಟ್ಟು ಒರೆಸಿ
ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕಸುಬು.
ಮದುವೆ, ಭಾಷಣ, ಸತ್ತವರ ಕೆಮ್ಮು,
ಎಲ್ಲಕ್ಕೂ ಒಂದೇ ರೇಟು.

ಮಜಗಾಂವಿನಿಂದ ಬಂದವಳು ಎರ್ಮೆಲಿಂಡಾ ಪಾಶೆಕೊ.
ಎಂಬತ್ತರ ಹತ್ತಿರ. ಮೊಣಕಾಲಿಗೆ ಪಟ್ಟಿ,
ತುಟಿಗೆ ಮಾತ್ರ ಯಾರಿಗೂ ಹೆದರದ ಕೆಂಪು.
ಬಿಸ್ಕೆಟ್ ಡಬ್ಬಿಯಲ್ಲಿ ಒಂದೇ ಒಂದು ಸ್ಪೂಲು,
ಮೇಲೆ ಪೆನ್ಸಿಲಿನಲ್ಲಿ: ಶನಿವಾರ, ಎರಡನೇ ಸರದಿ.

ಹಾಕಿದೆ.
ಮೊದಲು ಗ್ಲಾಸುಗಳು. ಯಾರೋ ಕುರ್ಚಿ ಎಳೆದದ್ದು.
ಡ್ರಮ್ಮಿನ ಚರ್ಮಕ್ಕೆ ಬ್ರಷ್ ಸವರುವ ಸದ್ದು,
ಪಕ್ಕದ ಮನೆಯಲ್ಲಿ ಯಾರೋ ಅಕ್ಕಿ ಕೇರುತ್ತಿರುವಂತೆ.
ಆಮೇಲೆ ಅವಳು.

ಜೇನು ಅನ್ನಲಾರೆ. ಕೋಗಿಲೆಯಂತೂ ಅಲ್ಲ.
ತಳ ಹಿಡಿದ ಜೋನಿಬೆಲ್ಲ:
ಸಿಹಿಯ ಅಡಿಯಲ್ಲೊಂದು ಗೆರೆ ಕರಕಲು,
ಆ ಕರಕಲಿಗೇ ನಾಲಗೆ ಮತ್ತೆ ಮತ್ತೆ ಹೋಗುವುದು.

ತಾಳ ಬಂದು ಬಾಗಿಲು ತಟ್ಟಿದರೂ
'ಬಂದೇ' ಅಂತ ಒಳಗಿಂದಲೇ ಅಂದು
ಕೂದಲು ಸುತ್ತಿ, ಪಿನ್ನು ಚುಚ್ಚಿಕೊಂಡು
ಸಾವಕಾಶ ಹೊರಬರುವ ಹೆಂಗಸಿನ ಹಾಗೆ
ಸಾಲು ಸಾಲಿಗೂ ಚೂರು ತಡ.
ಪಿಯಾನೋದವನು ಕಾಯುತ್ತಾನೆ. ನಾನೂ ಕಾದೆ.
ಹಾಡು ಇಂಗ್ಲಿಷು. ನನಗೆ ದಕ್ಕಿದ್ದು ಮೂರು ಪದ:
ಮಳೆ, ರಾತ್ರಿ, ಬೇಡ.

ರೇಡಿಯೋದಲ್ಲಿ ನಾ ಕೇಳಿ ಬೆಳೆದದ್ದು
ಸೂಜಿಮೊನೆಯಂಥ ಕಂಠಗಳು,
ದಾರ ಪೋಣಿಸಿದರೆ ಮೋಡಕ್ಕೂ ತೇಪೆ ಹಾಕುವಂಥವು.
ಇವಳದ್ದು ಹೊಲಿಗೆ ಬಿಚ್ಚುವ ಕೈ.
ಎಲ್ಲಿ ಬಿಚ್ಚಿತೋ, ಒಂದು ಕ್ಷಣ
ಬೆಳಿಗ್ಗೆ ಜಗಳವಾಡಿ ಬಂದದ್ದು ನೆನಪಾಯಿತು.

ಪರದೆಯ ಮೇಲೆ ಹಸಿರು ಗೀಟು.
ಅವಳು ಗಾಳಿ ಎಳೆದುಕೊಂಡ ಕಡೆಯೆಲ್ಲ
ಸಣ್ಣ ಸಣ್ಣ ಗಂಟು.
ಇಪ್ಪತ್ತು ವರ್ಷದ ಚಟ, ಮೌಸು ತಾನಾಗಿ ಅಲ್ಲಿಗೆ ಹೋಯಿತು.

ಅರ್ಧ ಹಿಂದಿ, ಅರ್ಧ ಕೊಂಕಣಿಯಲ್ಲಿ ಅಂದಳು:
'ಉಸಿರು ತೆಗೆಯಬೇಡ.
ಪದ ಯಾರೋ ಬರೆದದ್ದು, ರಾಗ ಇನ್ಯಾರದ್ದೋ,
ಗೌನು ಬಾಡಿಗೆಯದ್ದು.
ಅದೊಂದನ್ನು ಬಿಡು.'

ಬಿಟ್ಟೆ.
ಗ್ಲಾಸು, ಕುರ್ಚಿ, ನಡುವೆ ನಕ್ಕ ಯಾವನೋ ಕುಡುಕ,
ಅವನನ್ನೂ ಬಿಟ್ಟೆ.

ದುಡ್ಡು ಎಣಿಸಿ ಕೊಟ್ಟಳು, ಚೌಕಾಸಿಯಿಲ್ಲ.
ಮೆಟ್ಟಿಲ ತಿರುವಿನಲ್ಲಿ ಕೋಲಿನ ಸದ್ದು ನಿಂತಿತು.
ಗಾಳಿ ಎಳೆದುಕೊಂಡಳು.
ಅದೇ. ಈಗಷ್ಟೇ ಕೇಳಿದ್ದು.
ಕೈಯಲ್ಲಿ ಅವಳು ಮರೆತ ಬಿಸ್ಕೆಟ್ ಡಬ್ಬಿ ಹಿಡಿದು
ನಿಂತೇ ಇದ್ದೆ,
ಮುಂದಿನ ಹೆಜ್ಜೆ ಬೀಳುವವರೆಗೆ. ಚೂರು ತಡವಾಗಿ
ಬಿತ್ತು.