ಎಡಮುರಿ

ಕ್ರ್ಯಾಡ್ಲಿ ಹೀತ್‌ನಲ್ಲಿ ಗುರುವಾರ ನನ್ನ ಕ್ಲಿನಿಕ್ಕು ಅರ್ಧ ದಿನ.
ಬೆಳಗ್ಗೆ ಆರು ಹಲ್ಲು ಕಿತ್ತ ಕೈ
ಮಧ್ಯಾಹ್ನ ಪಾರ್ಗೆಟರ್ ಮುದುಕನ ಶೆಡ್ಡಿನಲ್ಲಿ
ಪಾನಾ ಹಿಡಿಯುತ್ತದೆ.
ಅವನ ಕೈ ಈಗ ನಡುಗುತ್ತದೆ. ಸರಪಳಿ ಮಾಡುತ್ತಿದ್ದ ಕೈ,
ಹಡಗಿನ ಲಂಗರಿಗೆ ಒಂದೊಂದೇ ಕೊಂಡಿ ಬಡಿದ ಕೈ
ಚಹಾದ ಕಪ್ಪನ್ನು ಸಾಸರಿನ ಮೇಲೆ ಕಟಕಟ ಕುಣಿಸುತ್ತದೆ.
ಅದಕ್ಕೇ ಒಪ್ಪಂದ: ಕಣ್ಣು ಅವನದು, ಬೆರಳು ನನ್ನದು.

ಬೆಂಚಿನ ಮೇಲೆ ಐವತ್ತೆರಡರ ಬಿಎಸ್‌ಎ ಇಂಜಿನ್ನು,
ಒಂಟಿ ಸಿಲಿಂಡರು, ಐನೂರು ಸಿಸಿ,
ಎಪ್ಪತ್ತಾರರಿಂದ ತುಟಿ ಬಿಚ್ಚಿಲ್ಲ.
ಯಾಕೆ ನಿಲ್ಲಿಸಿದಿರಿ ಗಾಡಿ, ಅಂದೆ ಮೊದಲ ದಿನ.
ಮಳೆ ಬರೋ ಹಾಗಿತ್ತು, ಅಂದ.
ಅಷ್ಟೇ.
ನಾನೂ ಕೆದಕಲಿಲ್ಲ.
ಬೇರು ಎಲ್ಲಿಗೆ ಹೋಗಿದೆಯೋ, ಎಕ್ಸ್‌ರೇ ಇಲ್ಲದೆ ಕೈ ಹಾಕಬಾರದು.

ಪಕ್ಕದ ಮುಚ್ಚಳ ತೆಗೆದಾಗ ಎದುರಾಯಿತು ಆ ನಟ್ಟು.
ಪಾನಾ ಹಾಕಿ ಒತ್ತಿದೆ. ಪಾನಾಕ್ಕೆ ಪೈಪು ಸಿಕ್ಕಿಸಿ ಒತ್ತಿದೆ.
ಪೈಪಿನ ತುದಿಗೆ ಜೋತುಬಿದ್ದೆ, ಐವತ್ತೆಂಟು ಕೇಜಿ,
ತಿಂದ ಮುದ್ದೆಯ ಋಣವೆಲ್ಲ ಸೇರಿಸಿ.
ಅವನು ನೋಡುತ್ತಲೇ ಇದ್ದ, ಬಿಸ್ಕತ್ತು ಅದ್ದುತ್ತ.
ಮೂರನೆಯ ಸಲಕ್ಕೆ ಕೇಳಿದ:
ಬಿಚ್ಚುತ್ತಿದ್ದೀಯೋ, ಬಿಗಿ ಮಾಡುತ್ತಿದ್ದೀಯೋ?

ಎಡಮುರಿ!
ಗಡಿಯಾರದ ಮುಳ್ಳಿನ ಜೊತೆ ನಡೆದರೆ ಸಡಿಲವಾಗುವ ಜಾತಿ.
ಗೊತ್ತಿತ್ತು ನನಗೆ. ಗೊತ್ತಿರಬೇಕಿತ್ತು.
ಮಂಡ್ಯದ ಸೈಕಲ್ ಷಾಪಿನ ರಹಮತ್ತಣ್ಣ
ಎಡಗಾಲಿನ ಪೆಡಲು ಬಿಚ್ಚಿ ತೋರಿಸಿ
ಇದು ಉಲ್ಟಾ ಹುಟ್ಟಿದ್ದು ಮಗಾ, ಉಲ್ಟಾನೇ ಮಾತಾಡಿಸು, ಅಂದಿದ್ದ.
ಆ ಸೈಕಲ್ಲಿನ ಮೇಲೂ ಇವೇ ಮೂರು ಅಕ್ಷರ.

ದಿಕ್ಕು ಬದಲಿಸಿದೆ. ಕಟ್ ಎಂದಿತು.
ಎದೆ ಧಸಕ್ಕೆಂದಿತು: ನನ್ನ ಕಸುಬಿನಲ್ಲಿ ಆ ಸದ್ದು ಬಂದರೆ
ಕ್ಷಮೆ ಕೇಳಬೇಕು, ಫಾರಂ ತುಂಬಬೇಕು.
ಇಲ್ಲಿ ಬೆರಳಲ್ಲೇ ತಿರುಗುತ್ತ ಬಂತು ನಟ್ಟು.

ಪಿಸ್ಟನ್ನಿನದು ಬೇರೆ ಕಥೆ.
ಅದಕ್ಕೂ ಗೋಡೆಗೂ ತುಕ್ಕು ನಂಟು ಬೆಸೆದಿತ್ತು.
ಅಸಿಟೋನು, ಗೇರ್ ಎಣ್ಣೆ ಸಮಸಮ ಬೆರೆಸಿ
ಹೆಡ್ಡು ಕಳಚಿದ ಬಾಯಿಗೆ ಹೊಯ್ದೆವು.
ಒಂದು ಗುರುವಾರ. ಎರಡು. ಐದು.
ಹೊಯ್ದದ್ದು ಹೊಯ್ದ ಹಾಗೇ ನಿಂತು ನನ್ನ ಮುಖ ತೋರಿಸುತ್ತಿತ್ತು.
ಆರನೆಯ ವಾರ ಒಂದು ಬೆರಳು ಇಳಿದಿತ್ತು.
ಮುದುಕ ಸ್ಕೇಲಿಟ್ಟು ಅಳೆದ, ಶೆಡ್ಡಿನ ಗೋಡೆಗೆ ಪೆನ್ಸಿಲಿನಲ್ಲಿ ಬರೆದ,
ಕೂಸಿನ ಎತ್ತರ ಬರೆದಿಡುವ ಹಾಗೆ.

ಆಮೇಲೆ ಬೆಂಕಿ. ಆಮೇಲೆ ಓಕ್ ಮರದ ತುಂಡು, ಸುತ್ತಿಗೆ.
ಬಡಿಯಬೇಡ, ತಟ್ಟು, ಅಂದ.
ಇದೊಂದು ಮಾತ್ರ ನನಗೆ ಅವನಿಗಿಂತ ಚೆನ್ನಾಗಿ ಗೊತ್ತು:
ಎಳೆದರೆ ಬರುವುದಿಲ್ಲ ಯಾವುದೂ.
ಕೂದಲೆಳೆಯಷ್ಟು ಕೆಳಗೆ, ಕೂದಲೆಳೆಯಷ್ಟು ಮೇಲೆ
ಅಲುಗಿಸುತ್ತಿರಬೇಕು
ತಾನೇ ಹೊರಟೆ ಎಂದು ಅದಕ್ಕೆ ಅನ್ನಿಸುವವರೆಗೆ.

ಐದು ಗಂಟೆಗೆ ಜಾರಿತು.
ಸಿಲಿಂಡರನ್ನು ಮೇಲಕ್ಕೆತ್ತಿ ಟಾರ್ಚು ಬಿಟ್ಟೆವು:
ನಡುವೆ ಸುತ್ತಲೂ ಒಂದು ಕಂದು ಗೆರೆ,
ಕೊಡದೊಳಗೆ ಗಡಸು ನೀರು ಬಿಟ್ಟ ಗೆರೆಯಂಥದ್ದು,
ರಿಂಗುಗಳು ನಲವತ್ತೆಂಟು ವರ್ಷ ಕೂತ ಜಾಗ.
ಅವನು ಉಗುರಿನಿಂದ ಗೀರಿ ನೋಡಿದ. ಸಿಕ್ಕಿತು ಉಗುರಿಗೆ.
ಬೋರ್ ಮಾಡಿಸಿದರೆ ಹೋಗುತ್ತೆ, ಅಂದೆ.
ಹ್ಞೂಂ, ಅಂದ. ಇಪ್ಪತ್ತು ಥೌ.
ಎಷ್ಟೋ ಹೊತ್ತಾದ ಮೇಲೆ:
ಮಳೆಯಲ್ಲಿ ಹಿಂದೆ ಕೂರೋದು ಡೋರೀನ್‌ಗೆ ಆಗ್ತಿರಲಿಲ್ಲ.
ಡೋರೀನ್ ಯಾರೆಂದು ನಾನು ಕೇಳಲಿಲ್ಲ.

ಟಾರ್ಚನ್ನು ನನ್ನ ಕೈಗಿಟ್ಟು ಬಾಯಿ ತೆರೆದ.
ಕೆಳಗಿನ ಎಡ ದವಡೆ, ಹಿಂದಿನಿಂದ ಎರಡನೆಯದು.
ಎರಡು ವರ್ಷದಿಂದ ಕೀಳೋಣ ಎಂದರೆ
ಮುಂದಿನ ಮಂಗಳವಾರ, ಮುಂದಿನ ಮಂಗಳವಾರ ಎಂದವನು.
ಇದೂ ಎಡಮುರಿಯಾ, ಅಂದ, ಬಾಯಿ ಮುಚ್ಚದೆ.
ನೋಡೋಣ, ಅಂದೆ.

ಕ್ರ್ಯಾಂಕ್‌ಕೇಸಿನಲ್ಲಿ ಇನ್ನೂ ಒಂದು ಸ್ಟಡ್ಡು ಮುರಿದು ಕೂತಿದೆ.
ಅದಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟು, ಹಳೆ ಟವೆಲು ಹೊದಿಸಿ
ಕೈ ತೊಳೆಯಲು ಹೋದೆ.
ಉಗುರ ಸಂದಿನ ಮಸಿ ಹೋಗಲಿಲ್ಲ.
ಸದ್ಯ, ಶುಕ್ರವಾರದ ರೋಗಿಗಳಿಗೆ ನನ್ನ ಗ್ಲೋವ್ಸು ಮಾತ್ರ ಕಾಣುತ್ತದೆ.