ಎಂಟು ಕಿಲೋ

ರಾತ್ರಿ ಎರಡೂ ನಲವತ್ತಕ್ಕೆ ಲಗೇಜ್ ಆಟೋದಿಂದ ಇಳಿದವಳ
ಸೆರಗಿನ ತುಂಬ ಕಬ್ಬಿನ ಸಿಪ್ಪೆ,
ಸೆರಗಿನೊಳಗೆ ಒಂದು ಮಗು. ಅಳುತ್ತಿರಲಿಲ್ಲ.
ಅಳುವ ಮಗು ಸಾಲಿನಲ್ಲಿ ಕಾಯಬಹುದು,
ಅಳದ ಮಗುವಿಗೆ ಓಡಬೇಕು:
ಮಂಡ್ಯದ ಈ ವಾರ್ಡಿನ ಹನ್ನೊಂದು ವರ್ಷದಲ್ಲಿ
ನಾನು ಮೊದಲು ಕಲಿತದ್ದು ಇದು.

ಸಿದ್ದಪ್ಪಾಜಿ ಬಾಗಿಲನ್ನು ಕಾಲಲ್ಲೇ ಒದ್ದು ತೆಗೆದ.
ಡಾಕ್ಟರ್ ನಸ್ರೀನ್ ತೋಳಿನ ಒಳಬದಿಗೆ ಎರಡು ಬೆರಳಿಟ್ಟು
ನಾಡಿ ಹುಡುಕಿದರು, ಹತ್ತು ಎಣಿಸುವಷ್ಟು ಹೊತ್ತು.
ಆಮೇಲೆ ಅವರ ಅಂಗೈಯ ಬುಡ ಎದೆಯ ಮೇಲಿತ್ತು.

"ತೂಕ ಎಷ್ಟು?"
ಮಗುವಿನ ಔಷಧಿಗೆ ಜಾತಕ ಬೇಡ,
ಹೆಸರು ಕೂಡ ಬೆಳಗ್ಗೆ ಕೇಳಿದರಾಯಿತು.
ತೂಕ ಬೇಕು.

"ಎಂಟಕ್ಕ ಒಂಚೂರು ಕಮ್ಮಿ ಐತ್ರಿ," ಅಂದಳು ಗಾದಿಲಿಂಗಮ್ಮ,
ಸಿರುಗುಪ್ಪದ ಕಡೆಯವಳು, ಆಲೆಮನೆಯ ಒಲೆ ಉರಿಸುವವಳು.
"ಬೆಲ್ಲದ ತಕ್ಕಡ್ಯಾಗ ಹೋದ ವಾರ ಕುಂದ್ರಿಸಿದ್ವಿ,
ಅಚ್ಚು ಇಳಿಸಿ."
ಸುಮ್ಮನೆ ನಗುವುದಕ್ಕೆ ಕೂರಿಸಿದ್ದರಂತೆ.
ಆ ನಗುವನ್ನೇ ನಾನು ಲೆಕ್ಕಕ್ಕೆ ತೆಗೆದುಕೊಂಡೆ:
ಎಂಟು.

ಅಡ್ರಿನಲಿನ್ ಆಂಪ್ಯೂಲಿನ ಕತ್ತು ಮುರಿಯುವ ಸದ್ದು
ಬಹಳ ಸಣ್ಣದು, ಹುರಿಗಡಲೆ ಕಡಿದಷ್ಟು.
ಒಂದು ಎಂಎಲ್ ಔಷಧಿಗೆ ಒಂಬತ್ತು ಸಲೈನು,
ಅದರಲ್ಲಿ ಈ ಮಗುವಿನ ಪಾಲು
ಸೊನ್ನೆ ದಶಾಂಶ ಎಂಟು.
ದೊಡ್ಡವರ ವಾರ್ಡಿನಲ್ಲಿ ಪೂರ್ತಿ ಆಂಪ್ಯೂಲು ತಳ್ಳುತ್ತಾರೆ.
ಇಲ್ಲಿ ಹೆಬ್ಬೆರಳಿಗೆ ನಿಲ್ಲುವುದು ಗೊತ್ತಿರಬೇಕು.

ನಾಳ ಸಿಗಲಿಲ್ಲ. ಮೂರು ದಿನದ ವಾಂತಿ ಬೇಧಿಗೆ
ಬೇಸಿಗೆಯ ತೂಬುಗಾಲುವೆ ಹಾಗೆ ಬತ್ತಿದ್ದವು.
ಮೊಣಕಾಲಿನ ಕೆಳಗೆ ಮೂಳೆಗೇ ಸೂಜಿ,
ತಿರುಗಿಸಿ ತಿರುಗಿಸಿ, ಒಮ್ಮೆಗೇ ಒಳಗೆ ಸಡಿಲ.
ತಾಯಿ ನೋಡುತ್ತಿದ್ದಳು. ಹೊರಗೆ ಕಳಿಸಿ ಎಂದು ಯಾರೋ ಅಂದರು.
ಯಾರೂ ಕಳಿಸಲಿಲ್ಲ.

ಸಿದ್ದಪ್ಪಾಜಿಯದು ಎಣಿಕೆ.
ಒಂದು ಎನ್ನುವುದಿಲ್ಲ ಅವನು; ಕಣದಲ್ಲಿ ಭತ್ತ ಅಳೆದ ಮನೆಯವನು,
ಲಾಭ, ಎರಡು, ಮೂರು ಅನ್ನುತ್ತಾನೆ,
ಹದಿನಾಲ್ಕು, ಹದಿನೈದು. ಉಸಿರು. ಉಸಿರು.
ಮತ್ತೆ ಲಾಭ.
ನಸ್ರೀನ್ ಯಾವತ್ತೂ ತಿದ್ದಲಿಲ್ಲ.

ಗ್ಲುಕೋಮೀಟರು ಅಂಕಿ ತೋರಿಸದೆ 'ಲೋ' ಎಂದಿತು.
ಕೂದಲ ತುಂಬ ಪಾಕದ ಅಂಟು, ಮೈಯೆಲ್ಲ ಬೆಲ್ಲದ ವಾಸನೆ,
ರಕ್ತದಲ್ಲಿ ಸಕ್ಕರೆಯಿಲ್ಲ.
ಹೆದ್ದಾರಿಯ ಕಮಾನಿನ ಮೇಲೆ ಸಕ್ಕರೆ ನಾಡಿಗೆ ಸುಸ್ವಾಗತ.
ನಲವತ್ತು ಎಂಎಲ್ ಡೆಕ್ಸ್ಟ್ರೋಸ್. ಆಮೇಲೆ ಸಲೈನು.
ನಾಲ್ಕು ನಿಮಿಷ ದಾಟಿತು, ಎರಡನೆಯ ಡೋಸು.

(ಕಳೆದ ಆಷಾಢದಲ್ಲಿ ಇದೇ ಮೇಜು, ಇದೇ ಲಾಭ,
ನಲವತ್ತು ನಿಮಿಷ. ಅದನ್ನು ಬರೆಯಲಾರೆ.)

"ತಡೀರಿ."
ತೊಡೆಸಂದಿಯಲ್ಲಿ ನಸ್ರೀನರ ಬೆರಳು.
ನಾವು ಮಾನಿಟರ್ ನೋಡಲಿಲ್ಲ, ಅವರ ಮುಖ ನೋಡಿದೆವು.
ಸಿದ್ದಪ್ಪಾಜಿ ನುಂಗಿಕೊಂಡ ಅಂಕಿ
ಅವನ ಗಂಟಲಲ್ಲಿ ಕಾಣುತ್ತಿತ್ತು.
"ಇದೆ," ಅಂದರು.

ಅಷ್ಟೇ. ಗಾಜಿನ ಚೂರು ಗುಡಿಸಿದೆ,
ಅಂಗೈ ಹಿಂದೆ ಗೀಚಿದ್ದ ಹೊತ್ತುಗಳನ್ನು ಕಾಗದಕ್ಕಿಳಿಸಿದೆ,
ಟ್ರೇಯಲ್ಲಿ ಖಾಲಿಯಾದ ಎರಡು ಗುಂಡಿಗೆ
ಎರಡು ಹೊಸ ಆಂಪ್ಯೂಲು ಕೂರಿಸಿದೆ.

ಐದನೆಯ ದಿನ ವಾರ್ಡಿನ ತೂಕದ ಯಂತ್ರದ ಮೇಲೆ ಹುಲಿಗೆಮ್ಮ
(ಹೆಸರು ಅಷ್ಟರಲ್ಲಿ ತಿಳಿದಿತ್ತು)
ಕಾಲು ಬಡಿಯುತ್ತ, ನನ್ನ ಐಡಿ ಕಾರ್ಡು ಕಚ್ಚುತ್ತ:
ಎಂಟು ಕಿಲೋ ಆರುನೂರು.
ಕೇಸ್ ಶೀಟಿನ ಎಂಟರ ಪಕ್ಕ ಪೆನ್ನು ನಿಂತಿತು.
ವ್ಯತ್ಯಾಸ ದೊಡ್ಡದಲ್ಲ, ಒಂದು ಹನಿ.
ಆದರೂ ಬೆನ್ನು ಬೆವರಿತು.

ಗಾದಿಲಿಂಗಮ್ಮ ಆ ಕೆಂಪು ಅಂಕಿಗಳನ್ನೇ ನೋಡುತ್ತಿದ್ದಳು.
"ಹಂಗಾರ ಆ ತಕ್ಕಡಿ ಕಮ್ಮಿ ತೋರಿಸ್ತೈತಿ," ಅಂದಳು.
"ನಮ್ಮ ಕೂಲಿ ಬೆಲ್ಲದ ತೂಕದ ಮ್ಯಾಲ ಐತ್ರಿ."
ಸ್ವಲ್ಪ ಹೊತ್ತು ಬಿಟ್ಟು,
"ಆ ನಂಬರ ಒಂದು ಚೀಟ್ಯಾಗ ಬರದು ಕೊಡ್ರಿ ಸಿಸ್ಟರ್.
ಸೀಲ್ ಹಾಕಿ."

ಬರೆದೆ.
ಸೀಲು ಡಾಕ್ಟರ ಡ್ರಾಯರಿನಲ್ಲಿತ್ತು,
ಹೋಗಿ ತಂದೆ.